ಚಪ್ಪಲಿ ಕಾಯುವವನು ರಂಗ್‌ಘರ್ ಹತ್ತಿದ್ದು

ಲೋಕಪ್ರಸಿದ್ಧವಾದ ಕಟ್ಟಡವೊಂದನ್ನು ನೋಡದೆಯೇ ಆಯುಷ್ಯ ಕಳೆಯಬೇಕೆಂದರೆ ಅತ್ಯಂತ ಸುಲಭದ ದಾರಿ ಅದರ ಪಕ್ಕದಲ್ಲಿ ಹುಟ್ಟುವುದು. ನಾನು ವಿಜಯಪುರದವನು. ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತರೆ ಗೋಳಗುಮ್ಮಟ ಕಾಣುತ್ತಿತ್ತು. ಬೇರೆ ಊರಿನ ಶಾಲೆಗಳು ಬಸ್ಸು ಮಾಡಿಕೊಂಡು ಗುಮ್ಮಟ ನೋಡಲು ಬರುತ್ತಿದ್ದವು. ನಮ್ಮ ಶಾಲೆಯವರು ನಮ್ಮನ್ನು ಬಸ್ಸಿಗೆ ತುಂಬಿಕೊಂಡು ಮೈಸೂರಿಗೆ ಒಯ್ದರು. ಮನೆಗೆ ಬಂದ ನೆಂಟರಿಗೆ ಗುಮ್ಮಟ ತೋರಿಸುವ ಕೆಲಸ ಅಕ್ಕನದು ಮತ್ತು ನನ್ನದು. ಅಕ್ಕ ಅವರನ್ನು ಏಳು ಅಂತಸ್ತು ಹತ್ತಿಸಿ, ಒಂದು ಮಾತು ಏಳು ಸಲ ಕೇಳಿಸುವ ಆ ಗ್ಯಾಲರಿಗೆ ಕರೆದೊಯ್ಯುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದೆ. ಇದಕ್ಕೆ ಕಾರಣವಿತ್ತು. ಎಂಟು ವರ್ಷದವನಿದ್ದಾಗ ಒಮ್ಮೆ ಹತ್ತಲು ಹೋಗಿ, ಮೂಲೆಯ ಗೋಪುರದೊಳಗಿನ ಆ ಇಕ್ಕಟ್ಟಾದ ಮೆಟ್ಟಿಲು, ಆ ಕತ್ತಲು, ಬೆನ್ನಿಗೆ ತಾಗುವ ಜನರ ಉಸಿರು ಎಲ್ಲ ಸೇರಿ ಎದೆ ಹಿಡಿದಂತಾಗಿ, ಅರ್ಧ ದಾರಿಯಲ್ಲೇ ಅಳುತ್ತ ಇಳಿದುಬಂದಿದ್ದೆ. ಮತ್ತೆ ಹತ್ತಲಿಲ್ಲ. ಮದುವೆಯಾದ ವರ್ಷ ಧಾರವಾಡದ ಹೆಂಡತಿ ಸುಮಾಳನ್ನು ಕೂಡ ಅಕ್ಕನ ಜೊತೆ ಕಳಿಸಿ ಅವಳ ಹೊಸ ಚಪ್ಪಲಿ ಕಾದೆ.

ಆದರೆ ಚಪ್ಪಲಿ ಕಾಯುವವನಿಗೆ ಒಂದು ಅನುಕೂಲವಿದೆ. ಇಳಿದು ಬಂದವರೆಲ್ಲ ಚಪ್ಪಲಿ ಮೆಟ್ಟಿಕೊಳ್ಳುತ್ತ ಮೇಲೆ ಏನಾಯಿತೆಂದು ಅವನ ಎದುರಿಗೇ ಮಾತಾಡುತ್ತಾರೆ. ಆ ಮಾತುಗಳಿಂದಲೇ ನಾನು ಗುಮ್ಮಟದ ಮೇಲಿನ ಅನುಭವವನ್ನು ಚೂರು ಚೂರಾಗಿ ಕೂಡಿಸಿಕೊಂಡೆ. ಕಾಗದ ಹರಿದ ಸದ್ದು ಆಚೆ ತುದಿಗೆ ಹೇಗೆ ಕೇಳುತ್ತದೆ, ಕೆಮ್ಮಿದರೆ ಹೇಗೆ ಸುತ್ತು ಹೊಡೆದು ಬರುತ್ತದೆ ಎಂಬುದನ್ನು ಹತ್ತಿದವರಿಗಿಂತ ಚೆನ್ನಾಗಿ ವರ್ಣಿಸಬಲ್ಲೆ. ಇಪ್ಪತ್ತು ವರ್ಷದಿಂದ ಲಂಡನ್ನಿನ ಪಶ್ಚಿಮದ ತುದಿ ಹೇಸ್‌ನಲ್ಲಿದ್ದೇನೆ, ವಿಮಾನ ನಿಲ್ದಾಣದ ಬಳಿಯ ಗೋದಾಮೊಂದರ ಆಫೀಸಿನಲ್ಲಿ ಕೆಲಸ. ಲಂಡನ್ನಿನ ನಡುವಿನ ಹಳೆಯ ಕೋಟೆಯನ್ನು ಇನ್ನೂ ನೋಡಿಲ್ಲ, ಎಲ್ಲಿ ಓಡಿಹೋಗುತ್ತದೆ ಎಂಬ ಧೈರ್ಯ. ನನ್ನ ಮಗಳು ಮೇಘಾ, ಈಗ ಹದಿನಾಲ್ಕು, ಶಾಲೆಯವರ ಜೊತೆ ಲಂಡನ್ನಿನ ದೊಡ್ಡ ಚರ್ಚಿನ ಗುಮ್ಮಟ ನೋಡಿ ಬಂದು ಹೊಗಳಿದಾಗ ನಾನು, "ಅದೇನ್ ಮಹಾ. ಸಣ್ಣವನಿದ್ದಾಗ ನಾ ದಿನಾ ಸಂಜಿಕ ನಮ್ಮ ಗುಮ್ಮಟದ ಮ್ಯಾಲೆ ಕೂತು ಪಿಸಿಪಿಸಿ ಮಾತಾಡ್ತಿದ್ದೆ" ಎಂದುಬಿಟ್ಟೆ. ಅವಳು ಅದನ್ನು ಇಂಗ್ಲಿಷಿನಲ್ಲಿ ಚೆಂದಾಗಿ ಬರೆದು ಶಾಲೆಗೆ ಒಪ್ಪಿಸಿದಳು. ಟೀಚರ್ ಅದನ್ನು ತರಗತಿಯ ಗೋಡೆಗೆ ಅಂಟಿಸಿದರು. ಪೋಷಕರ ಸಭೆಗೆ ಹೋದಾಗ ನನ್ನ ಸುಳ್ಳು, ಬಣ್ಣದ ಅಂಚಿನೊಂದಿಗೆ, ಗೋಡೆಯ ಮೇಲಿತ್ತು. ಮಗಳು ಅದರ ಕೆಳಗೆ ನಿಂತು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಆ ವಯಸ್ಸಿನ ಮಗು ಅಪ್ಪನನ್ನು ಹಾಗೆ ನೋಡುವುದು ಅಪರೂಪ. ಅಂಥದ್ದನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ನಮ್ಮ ಪಕ್ಕದ ಮನೆಯವನು ಗೊಗೊಯ್, ಅಸ್ಸಾಮಿನ ಶಿವಸಾಗರದವನು. ಅದೂ ಒಂದು ಕಾಲದ ರಾಜಧಾನಿ. ಅಹೋಮ್ ರಾಜರು ಆರುನೂರು ವರ್ಷ ಆಳಿದ ಸೀಮೆ. ಹೀಗೆ ಎರಡು ಮಾಜಿ ರಾಜಧಾನಿಗಳು ಹೇಸ್‌ನಲ್ಲಿ ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗಿದ್ದವು. ಶನಿವಾರ ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಬೇಲಿಯ ಮೇಲಿಂದ ನಾನು ಗುಮ್ಮಟ ಎನ್ನುತ್ತಿದ್ದೆ, ಅವನು ಕೆರೆ ಎನ್ನುತ್ತಿದ್ದ. ಕೊನೆಗೆ, ನನ್ನನ್ನು ಅಣ್ಣನೆಂದೇ ಕರೆಯುವ ಅವನು, "ಪಾಟೀಲ್ ದಾ, ಮಾತು ಸಾಕು. ಕ್ರಿಸ್‌ಮಸ್ ರಜೆಗೆ ಅಮ್ಮನ ಹತ್ತಿರ ಹೋಗ್ತಿದ್ದೀನಿ. ಎಲ್ಲರೂ ಬನ್ನಿ, ನೋಡಿ, ಆಮೇಲೆ ಮಾತಾಡೋಣ" ಎಂದ. ಸೋಲಿಸಿಯೇ ಬರೋಣವೆಂದು ಹೊರಟೆ.

ಸೋತದ್ದು ಶಿವಸಾಗರ ಮುಟ್ಟಿದ ಬೆಳಿಗ್ಗೆಯೇ. ಗೊಗೊಯ್ ನಮ್ಮನ್ನು ಮನೆಗೆ ಒಯ್ಯುವ ಮೊದಲೇ ಕೆರೆಗೆ ಕರೆದುಕೊಂಡು ಹೋದ. ಕೆರೆಗೆ ಇಳಿಯುತ್ತಾರೆಂದು ನಾನು ತಿಳಿದಿದ್ದೆ. ಅಲ್ಲಿ ಕೆರೆಗೆ ಹತ್ತಿಹೋಗಬೇಕು. ಏರಿಯ ಮೇಲೆ ನಿಂತು ಒಂದು ಕಡೆ ನೋಡಿದರೆ ಕಣ್ಣು ಹಾಯುವಷ್ಟು ನೀರು, ಇನ್ನೊಂದು ಕಡೆ ನೋಡಿದರೆ ನೀರಿಗಿಂತ ಕೆಳಗೆ ಊರು. ಅಂಗಡಿ, ಸೈಕಲ್ಲು, ಶಾಲೆಗೆ ಹೋಗುವ ಮಕ್ಕಳು, ಎಲ್ಲ ಆ ನೀರಿನ ಕೆಳಗೆ ನಿಶ್ಚಿಂತೆಯಿಂದ ಓಡಾಡುತ್ತಿದ್ದಾರೆ. ದಡದಲ್ಲಿ ಶಿವನ ಗುಡಿ, ಅದರ ಶಿಖರ ನೋಡಲು ಕತ್ತು ಹಿಂದಕ್ಕೆ ಬಾಗಿಸಬೇಕು. ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ದೂರದಲ್ಲೆಲ್ಲೋ ಹಕ್ಕಿಗಳ ಹಿಂಡೊಂದು ನೀರಿಗೆ ಇಳಿಯಿತು. ನಾನು ಬೇಸಿಗೆಯಲ್ಲಿ ಕೊಡದ ಸಾಲಿನಲ್ಲಿ ನಿಂತು ಬೆಳೆದವನು. ಅಷ್ಟು ನೀರನ್ನು ಎತ್ತಿ ಊರಿನ ತಲೆಯ ಮೇಲಿಟ್ಟು, ಶತಮಾನಗಳ ಕಾಲ ಅದು ಅಲುಗದಂತೆ ನಿಲ್ಲಿಸಿದವರನ್ನು ನೆನೆದು ಮೈ ಜುಮ್ಮೆಂದಿತು. ಬಾಯಿಗೆ ಬಂದ ಗುಮ್ಮಟವನ್ನು ಹಾಗೆಯೇ ನುಂಗಿಕೊಂಡೆ. "ಯಾಕ್ರಿ, ಒಮ್ಮೆಲೇ ಸುಮ್ಮನಾದ್ರಿ?" ಎಂದಳು ಸುಮಾ. ಅವಳೂ ಮೆಲ್ಲಗೆ ಕೇಳಿದ್ದಳು, ಅಲ್ಲಿ ಜೋರಾಗಿ ಮಾತಾಡಲು ಮನಸ್ಸು ಬರುವುದಿಲ್ಲ.

ಗೊಗೊಯ್‌ನ ತಾಯಿಗೆ ಎಂಬತ್ತು ದಾಟಿದೆ. ಅಲ್ಲಿ ಅಜ್ಜಿಗೆ ಆಯ್ತಾ ಎನ್ನುತ್ತಾರೆ, ನಮ್ಮೆಲ್ಲರಿಗೂ ಅವರು ಆಯ್ತಾ ಆದರು. ಬಾಗಿಲಲ್ಲೇ ನನ್ನ ಕೊರಳಿಗೆ ಕೆಂಪು ಅಂಚಿನ ಬಿಳಿಯ ಗಮೋಸಾ ಹಾಕಿ, ಕಾಲಿರುವ ಕಂಚಿನ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟರು. ಕರ್ನಾಟಕದವನಿಗೆ ಅಡಿಕೆಯೇ ಎಂದು ದೊಡ್ಡ ಹೋಳನ್ನೇ ಬಾಯಿಗೆ ಹಾಕಿಕೊಂಡೆ. ಅವರ ಹಸಿ ಅಡಿಕೆಯ ಖದರೇ ಬೇರೆ. ಎರಡು ನಿಮಿಷದಲ್ಲಿ ಕಿವಿ ಬಿಸಿಯಾಗಿ, ಡಿಸೆಂಬರಿನ ಚಳಿಯಲ್ಲಿ ಹಣೆಯಿಂದ ಬೆವರು ಸುರಿದು, ಗೋಡೆಯ ಮೇಲಿನ ಕ್ಯಾಲೆಂಡರು ತಿರುಗತೊಡಗಿತು. ಆ ಸ್ಥಿತಿಯಲ್ಲಿರುವಾಗಲೇ ಮೇಘಾ ತನ್ನ ಇಂಗ್ಲಿಷಿನಲ್ಲಿ ಅಪ್ಪನ ಗುಮ್ಮಟದ ಕಥೆ ಹೇಳಿದಳು, ಗೊಗೊಯ್ ಅದನ್ನು ಅಸ್ಸಾಮಿ ಭಾಷೆಗೆ ತಿರುಗಿಸಿದ. ಆಯ್ತಾ ಕಣ್ಣರಳಿಸಿ ಕೇಳಿ, "ಏಳು ಅಂತಸ್ತು ದಿನಾ ಹತ್ತಿದವರಿಗೆ ನಮ್ಮ ಎರಡು ಅಂತಸ್ತು ಏನು ಲೆಕ್ಕ? ನಾಳೆ ರಂಗ್‌ಘರ್ ಹತ್ತೋಣ. ನಾನೂ ಬರ್ತೀನಿ" ಎಂದು ಮಗನ ಬಾಯಿಂದ ಹೇಳಿಸಿದರು. ಸುಮಾ ನನ್ನನ್ನು ನೋಡಿ ಬೆವರು ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು.

ಮರುದಿನ ಮೊದಲು ಹೋದದ್ದು ತಲಾತಲ್ ಘರ್‌ಗೆ, ಹಳೆಯ ಅರಮನೆಗೆ. ನೆಲದ ಮೇಲೆ ಇರುವಷ್ಟೇ ನೆಲದ ಕೆಳಗೂ ಇದೆಯಂತೆ, ಕೆಳಗಿನದನ್ನು ಮುಚ್ಚಿದ್ದಾರೆ. ಆ ಸುದ್ದಿ ಕೇಳಿ ನನಗೆ ಆದ ಸಮಾಧಾನವನ್ನು ಯಾರಿಗೂ ತೋರಿಸಲಿಲ್ಲ. ಕಮಾನಿನಾಚೆ ಕಮಾನು, ಅದರಾಚೆ ಇನ್ನೊಂದು ಕಮಾನು, ತುದಿಯಲ್ಲಿ ಒಂದು ತುಂಡು ಬೆಳಕು. ಗೋಡೆಯ ಇಟ್ಟಿಗೆಗಳು ಚಪಾತಿಯ ಅಟ್ಟಿ ಇಟ್ಟಂತೆ ತೆಳ್ಳಗೆ. ಆಯ್ತಾ ಗೋಡೆ ಮುಟ್ಟಿ, ಇದರ ಗಾರೆಗೆ ಅಂಟಕ್ಕಿ, ಬಾತುಕೋಳಿಯ ಮೊಟ್ಟೆ, ಉದ್ದು, ಸುಣ್ಣ ಎಲ್ಲ ಹಾಕಿದ್ದಾರೆ, ಸಿಮೆಂಟು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ ಎಂದು ಮಗನ ಮೂಲಕ ಹೇಳಿದರು. ನಾನೂ ಅಂಗೈ ಇಟ್ಟೆ. ತಣ್ಣಗಿತ್ತು. ಎಷ್ಟು ಭೂಕಂಪ, ಎಷ್ಟು ಮಳೆ, ಎಷ್ಟು ಯುದ್ಧ ಕಂಡ ಗೋಡೆ, ಅದರೊಳಗೆ ಯಾವ ತಾಯಿಯೋ ಕೇರಿ ಕೊಟ್ಟ ಅಕ್ಕಿ ಇದೆ ಎಂದು ಯೋಚಿಸುತ್ತ ಅಂಗೈಯನ್ನು ಅಲ್ಲೇ ಇಟ್ಟುಕೊಂಡು ನಿಂತೆ. ಊರಿಗೆ ಊರೇ ತನ್ನ ಅಡುಗೆಮನೆಯಿಂದ ಒಂದೊಂದು ಹಿಡಿ ತಂದು ಕಟ್ಟಿದಂತಿತ್ತು ಆ ಅರಮನೆ. ಸುಮಾ ಬಹಳ ಹೊತ್ತು ಗೋಡೆ ನೋಡಿ, "ನಮ್ಮ ಇಡ್ಲಿ ಹಿಟ್ಟಿಗೆ ಹೇಸ್‌ನಾಗ ಉಬ್ಬಾಕ ಆಗವಲ್ದು, ಇಲ್ಲಿ ಅದ ಸಾಮಾನಿನಾಗ ಅರಮನಿ ನಿಂತದ" ಎಂದಳು.

ಅಲ್ಲಿಂದ ರಂಗ್‌ಘರ್. ವಿಶಾಲವಾದ ಹಸಿರು ಬಯಲಿನಲ್ಲಿ, ದೋಣಿಯೊಂದನ್ನು ಮಗುಚಿ ಇಟ್ಟಂಥ ಚಾವಣಿ ಹೊತ್ತ, ಇಟ್ಟಿಗೆ ಬಣ್ಣದ ಪುಟ್ಟ ಮಂಟಪ. ಚಾವಣಿಯ ಮೇಲೆ ಕಲ್ಲಿನ ಮೊಸಳೆಗಳು. ಬಿಹು ಹಬ್ಬದಲ್ಲಿ ರಾಜರು ಮೇಲೆ ಕೂತು ಎಮ್ಮೆಕೋಣಗಳ ಕಾಳಗ ನೋಡುತ್ತಿದ್ದರಂತೆ. ಆಟ ನೋಡುವುದಕ್ಕೆಂದೇ ಅಷ್ಟು ಚೆಂದದ ಮನೆ ಕಟ್ಟಿಸಿದ ರಾಜರ ಬಗ್ಗೆ ನನಗೆ ಪ್ರೀತಿ ಉಕ್ಕಿತು. ಮೆಟ್ಟಿಲ ಬಾಯಿಗೆ ಬಂದಾಗ ಆ ಪ್ರೀತಿ ಆರಿತು. ಇಕ್ಕಟ್ಟಾದ ಕಡಿದಾದ ಮೆಟ್ಟಿಲು, ಒಳಗೆ ಕತ್ತಲು. ಎರಡೇ ಅಂತಸ್ತು ಎಂದು ಬುದ್ಧಿ ಹೇಳಿತು, ಕಾಲು ಕೇಳಲಿಲ್ಲ. ಎಲ್ಲರೂ ನನಗೆ ದಾರಿ ಬಿಟ್ಟು ನಿಂತಿದ್ದರು. ನನ್ನ ಬಾಯಿಂದ ನಲವತ್ತು ವರ್ಷದ ಹಳೆಯ ಮಾತು ತಾನಾಗಿ ಹೊರಬಿತ್ತು: "ನೀವೆಲ್ಲಾ ಹೋಗಿ ಬರ್ರಿ. ನಾ ಚಪ್ಪಲಿ ಕಾಯ್ತೀನಿ."

ಸುಮಾ, ಮೇಘಾ ತಮ್ಮ ತಮ್ಮ ಕಾಲು ನೋಡಿಕೊಂಡರು, ಅವರನ್ನು ನೋಡಿ ಉಳಿದವರೂ. ಒಬ್ಬರೂ ಚಪ್ಪಲಿ ಬಿಟ್ಟಿರಲಿಲ್ಲ. ಅಲ್ಲಿ ಬಿಡುವ ಪದ್ಧತಿಯೇ ಇಲ್ಲ.

ನನ್ನ ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅವಳು ಕನ್ನಡದಲ್ಲಿ ಬಾಯಿ ತೆರೆದಳೆಂದರೆ ವಿಷಯ ಗಂಭೀರವೆಂದು ಅರ್ಥ. ಅವಳು ನನ್ನ ಮುಖ ನೋಡಿದಳು, ಮೆಟ್ಟಿಲು ನೋಡಿದಳು, ಮತ್ತೆ ಮುಖ ನೋಡಿದಳು.

"ಅಪ್ಪಾ, ನೀ ಗುಮ್ಮಟ ಹತ್ತೇ ಇಲ್ಲ. ಹೌದಲ್ಲ?"

"ಇಲ್ಲವ್ವಾ" ಎಂದೆ. ಶಾಲೆಯ ಗೋಡೆಯ ಮೇಲಿದ್ದ ಆ ಬಣ್ಣದ ಕಾಗದ ಕಣ್ಣಿಗೆ ಕಟ್ಟಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಂಗ ಲಗ್ನಾದ ವರ್ಷನ ಗೊತ್ತಾಗಿತ್ತು" ಎಂದಳು ಸುಮಾ, ಸಹಾಯಕ್ಕೋ ಶಿಕ್ಷೆಗೋ ತಿಳಿಯಲಿಲ್ಲ. ಕನ್ನಡ ಬಾರದ ಗೊಗೊಯ್ ನಮ್ಮ ಮುಖ ನೋಡಿಯೇ ವಿಷಯ ಊಹಿಸಿ, ಇದನ್ನೂ ತಾಯಿಗೆ ಭಾಷಾಂತರಿಸಬೇಕೇ ಬೇಡವೇ ಎಂದು ಒದ್ದಾಡುತ್ತಿದ್ದ. ಭಾಷಾಂತರ ಬೇಕಾಗಲಿಲ್ಲ. ಆಯ್ತಾ ಬಂದು ನನ್ನ ಕೈ ಹಿಡಿದರು. ಒಣಗಿದ, ಹಗುರವಾದ, ಗಟ್ಟಿ ಹಿಡಿತದ ಕೈ. ಮೊದಲ ಮೆಟ್ಟಿಲು ಹತ್ತಿ ನಿಂತು ಹಿಂತಿರುಗಿ ನೋಡಿ ಏನೋ ಅಂದರು. "ಮೇಲೆ ನೋಡಬೇಡ, ನನ್ನ ಹಿಮ್ಮಡಿ ನೋಡ್ತಾ ಬಾ ಅಂತಿದ್ದಾರೆ" ಎಂದ ಗೊಗೊಯ್.

ಎಂಬತ್ತು ವರ್ಷದ ಹಿಮ್ಮಡಿಗಳನ್ನು ನೋಡುತ್ತ ಹತ್ತಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಬೆನ್ನಿಗೆ ಮತ್ತೆ ಉಸಿರು ತಾಗಿತು, ಅದು ಮೇಘಾಳದು. ಕತ್ತಲು ಮುಗಿದು ಒಮ್ಮೆಲೇ ಗಾಳಿ ಬಂತು. ತಲೆ ಎತ್ತಿದರೆ ಸುತ್ತಲೂ ಕಮಾನುಗಳು, ಒಂದೊಂದು ಕಮಾನಿನೊಳಗೂ ಚೌಕಟ್ಟು ಹಾಕಿದಂತೆ ಬಯಲು, ಮರ, ಆಕಾಶ. ರಾಜನ ಜಾಗದಲ್ಲಿ ನಾನು ನಿಂತಿದ್ದೆ. ಇದಕ್ಕಾಗಿಯೇ ಜನ ಹತ್ತುತ್ತಾರೆ ಎಂಬುದು ಐವತ್ತರ ಹತ್ತಿರ ಬಂದಾಗ ನನಗೆ ತಿಳಿಯಿತು. ಇಷ್ಟು ವರ್ಷ ಬೇರೆಯವರ ಬಾಯಿಂದ ಕೂಡಿಸಿಕೊಂಡದ್ದರಲ್ಲಿ ಈ ಗಾಳಿ ಇರಲೇ ಇಲ್ಲ. ಕಣ್ಣು ಒದ್ದೆಯಾಯಿತು. ಅಡಿಕೆಯ ಪ್ರಭಾವವೆಂದು ಹೇಳುವಂತೆಯೂ ಇರಲಿಲ್ಲ, ಅಂದು ಅಡಿಕೆ ಮುಟ್ಟಿರಲಿಲ್ಲ.

ಮೇಘಾ ಆಚೆ ತುದಿಗೆ ಹೋಗಿ, ಗೋಡೆಗೆ ಬಾಯಿ ಹಚ್ಚಿ, ನನ್ನ ಕಡೆ ನೋಡುತ್ತ ಏನೋ ಪಿಸುಗುಟ್ಟಿದಳು. ರಂಗ್‌ಘರ್ ಗೋಳಗುಮ್ಮಟವಲ್ಲ, ಏನೂ ಕೇಳಿಸಲಿಲ್ಲ. ಹತ್ತಿರ ಹೋಗಿ ಏನಂದೆ ಎಂದು ಕೇಳಿದೆ.

"ಇಲ್ಲಿ ಹೇಳೂದಿಲ್ಲ" ಎಂದಳು, ಮತ್ತೆ ಕನ್ನಡದಲ್ಲಿ. "ಗುಮ್ಮಟದ ಮ್ಯಾಲೆ ಹೇಳ್ತೀನಿ. ನೀ ಬಂದ್ರ."

ಈಗ ಬೇಸಿಗೆ ರಜೆಗೆ ವಿಜಯಪುರಕ್ಕೆ ಟಿಕೆಟ್ಟಾಗಿದೆ. ಗೊಗೊಯ್ ಕುಟುಂಬವೂ ಬರುತ್ತದೆ, ಆಯ್ತಾ ನೇರವಾಗಿ ಅಲ್ಲಿಗೇ ಬರುತ್ತಾರಂತೆ. ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಅದರ ಪಕ್ಕದ ಕಿಟಕಿಯಿಲ್ಲದ ಮೆಟ್ಟಿಲನ್ನು ದಿನಾ ಹತ್ತುತ್ತಿದ್ದೇನೆ. ಮುಂದೆ ಹಿಮ್ಮಡಿಗಳಿಲ್ಲದ್ದರಿಂದ ಮೂರನೆಯ ಮಹಡಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತೇನೆ. ಸುಮಾ ಮಾತ್ರ, "ಈ ಸಲ ಚಪ್ಪಲಿ ಯಾರ್ ಕಾಯೋರ್ರಿ?" ಎಂದು ದಿನಾ ಕೇಳುತ್ತಾಳೆ. ಅದಕ್ಕಿಂತ ದೊಡ್ಡ ಚಿಂತೆ ನನಗಿದೆ. ಮಗಳು ಅಂದು ಏನಂದಳೋ ಗೊತ್ತಿಲ್ಲ. ಕ್ಷಮಿಸಿದ್ದರೆ ಸರಿ, ಬೈದಿದ್ದರೆ ಕಷ್ಟ. ಅಲ್ಲಿ ಅಂದದ್ದು ಏಳು ಸಲ ಕೇಳಿಸುತ್ತದೆ ಎಂದು ಊರಿಗೆಲ್ಲ ಸಾರಿಕೊಂಡು ಬಂದವನು ನಾನೇ.