ಸೀರೆಯ ಬಣ್ಣದ ಬಚ್ಚಲು

ಗಂಡಸರಿಗೆ ಏಳೇ ಬಣ್ಣ ಕಾಣುತ್ತವೆ, ಹೆಂಗಸರಿಗೆ ಎಪ್ಪತ್ತು ಕಾಣುತ್ತವೆ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತಿತ್ತು. ಬರುತ್ತಿತ್ತು ಅಂದೆ, ಈಗ ಬರುವುದಿಲ್ಲ. ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಮೂವತ್ತು ವರ್ಷಗಳಿಂದ ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಸೊಂಟ ಸವೆಸಿಕೊಂಡವನು. ರಾಮಾ, ಚಿಂತಾಮಣಿ, ಮೋರಪಂಖಿ, ಗಿಳಿಹಸಿರು, ಉಳ್ಳಾಗಡ್ಡಿ ಸಿಪ್ಪೆ, ಯಾವ ಬಣ್ಣವನ್ನೇ ತನ್ನಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದೆ. ಕಣ್ಣು ಮುಚ್ಚಿಕೊಂಡರೆ ಯಾವ ಬಣ್ಣವೂ ಕಾಣುವುದಿಲ್ಲ ಎಂದು ಒಬ್ಬರೂ ತಿರುಗಿ ಹೇಳಲಿಲ್ಲ, ಅದು ಅವರ ದೊಡ್ಡತನ. ಇಂಥ ನನ್ನ ಸೊಕ್ಕನ್ನು ನಾಲ್ಕು ಮಂದಿ ನಿಲ್ಲಲಾಗದಷ್ಟು ಸಣ್ಣದಾದ ನಮ್ಮ ಮನೆಯ ಬಚ್ಚಲು ಮುರಿದು ಮೂಲೆಗೆ ಹಾಕಿತು.

ಬಚ್ಚಲು ಹಳೆಯದಾಗಿತ್ತು. ಗೋಡೆಯ ಸುಣ್ಣ ಬೆನ್ನಿಗೆ ಹತ್ತಿ, ಸ್ನಾನ ಮಾಡಿ ಹೊರಬಂದವರು ಮತ್ತೊಮ್ಮೆ ಸ್ನಾನ ಮಾಡಬೇಕಾದ ಸ್ಥಿತಿ ಇತ್ತು. ಕೆಳಗೆ ಅರ್ಧ ಗೋಡೆಗೆ ಬಿಳಿ ಟೈಲ್ಸ್ ಕೂಡಿಸಿದ್ದಾಯಿತು. ಮೇಲಿನ ಅರ್ಧಕ್ಕೆ ಬಣ್ಣ. ಯಾವ ಬಣ್ಣ ಎಂದು ನನ್ನ ಹೆಂಡತಿ ಮಹಾದೇವಿಯನ್ನು ಕೇಳಿದೆ. ಕೇಳಬಾರದಿತ್ತು. ಕೇಳದಿದ್ದರೂ ಅವಳೇ ಹೇಳುತ್ತಿದ್ದಳು, ಆ ಮಾತು ಬೇರೆ.

"ಆ ಸೀರಿ ಬಣ್ಣ" ಅಂದಳು.

ನಮ್ಮ ಮನೆಯಲ್ಲಿ 'ಆ ಸೀರಿ' ಎಂದರೆ ಒಂದೇ. ನಮ್ಮ ಲಗ್ನವಾದ ಹೊಸದರಲ್ಲಿ ಅಪ್ಪ ಕೈಮಗ್ಗದ ಮೇಲೆ ಒಂದು ಸೀರೆ ನೇಯುತ್ತಿದ್ದರು. ಮಹಾದೇವಿ ದಿನಾ ಅವರಿಗೆ ಚಹಾ ಒಯ್ಯುವಾಗ ಅದು ಒಂದೊಂದು ಗೇಣು ಬೆಳೆಯುವುದನ್ನು ನೋಡಿದ್ದಳು. ಹೊಸ ಸೊಸೆ, ಮಾವನನ್ನು ಕೇಳುವ ಹಾಗಿಲ್ಲ. ನನ್ನ ಕಿವಿಯಲ್ಲಿ ಹೇಳಿದಳು, "ಆ ಸೀರಿ ನನಗಿರ್ಲಿ." ಇರಲಿ ಎಂದೆ. ಸೀರೆ ಮಗ್ಗದಿಂದ ಇಳಿದು ಅಂಗಡಿಗೆ ಬಂತು. ಮರುದಿನವೇ ಲೋಕಾಪುರದಿಂದ ಲಗ್ನದ ಜವಳಿಗೆ ಬಂದ ಒಬ್ಬ ಹೆಣ್ಣುಮಗಳು ಅದರ ಮೇಲೆ ಕೈ ಇಟ್ಟಳು. ನಾನು ಅಂಗಡಿಗೆ ಹೊಸಬ, ಗಿರಾಕಿ ಕೈ ಇಟ್ಟದ್ದನ್ನು ಕಟ್ಟಿಕೊಡುವುದೇ ಧರ್ಮ ಎಂದು ತಿಳಿದಿದ್ದೆ. ಕಟ್ಟಿಕೊಟ್ಟೆ. ಅಂದಿನಿಂದ ಪ್ರತಿ ಪಂಚಮಿಗೆ, ಪ್ರತಿ ದೀಪಾವಳಿಗೆ, ನಮ್ಮಿಬ್ಬರ ಪ್ರತಿ ಜಗಳದ ಕೊನೆಗೆ ಆ ಸೀರೆ ಮಡಿಕೆ ಬಿಚ್ಚುತ್ತದೆ. ಜಗಳ ಸಾರಿನ ಉಪ್ಪಿನ ಬಗ್ಗೆ ಇರಬಹುದು, ಮುಗಿಯುವುದು ಲೋಕಾಪುರದಲ್ಲೇ.

"ಅಲ್ಲ, ಸೀರಿ ಬಣ್ಣ ಬಚ್ಚಲಕ್ಕ್ಯಾಕ?" ಎಂದು ಕೇಳಿದೆ.

"ಉಡಾಕಂತೂ ಕೊಡಲಿಲ್ಲ. ನೋಡಾಕರೆ ಸಿಗ್ಲಿ. ಆ ಬಣ್ಣ ಬರೋಬ್ಬರಿ ತಂದ್ರಿ ಅಂದ್ರ, ದೇವರಾಣಿ ಮಾಡಿ ಹೇಳ್ತೇನಿ, ಇನ್ನ ಮ್ಯಾಲ ಆ ಸೀರಿ ಮಾತ ಎತ್ತೂದಿಲ್ಲ ನಾ."

ನಿಮಗೆ ಇದರ ಬೆಲೆ ಗೊತ್ತಾಗಲಿಕ್ಕಿಲ್ಲ. ಮೂವತ್ತು ವರ್ಷದ ಕೇಸು ಒಂದು ಡಬ್ಬ ಬಣ್ಣದಲ್ಲಿ ಖುಲಾಸೆಯಾಗುವುದಿತ್ತು! ಅಂದೇ ಜಮಖಂಡಿಯ ಬಸ್ಸು ಹತ್ತಿದೆ. ಅಲ್ಲಿ ಬಣ್ಣ ಕಲೆಸುವ ಮಷಿನ್ ಇಟ್ಟಿರುವ ಒಂದು ಅಂಗಡಿ ಇದೆ. ಮಾಲೀಕ ಮಹಾಂತೇಶ ತರುಣ, ಬಹಳ ಸಮಾಧಾನಿ.

"ಎಂಥಾ ಬಣ್ಣ ಬೇಕ್ರಿ ಕಾಕಾರ?"

"ನೀಲಿ. ಅಂದ್ರ ಬರೇ ನೀಲಿ ಅಲ್ಲಪಾ, ಹಸರ ಕಡೆ ಹೊಳ್ಳಿದ ನೀಲಿ."

"ಅಂದ್ರ ಹಸರೇನ್ರಿ?"

"ಹಸರಲ್ಲೋ. ನೀಲಿ ಕಡೆ ಹೊಳ್ಳಿದ ಹಸರು."

ಆತ ಬಣ್ಣದ ಕಾರ್ಡುಗಳ ಒಂದು ದಪ್ಪ ಪುಸ್ತಕ ನನ್ನ ಮುಂದಿಟ್ಟು ಚಹಾ ತರಿಸಿದ. ಅದರಲ್ಲಿ ನೀಲಿ-ಹಸಿರಿನ ನಡುವೆಯೇ ಹತ್ತಾರು ಹಾಳೆಗಳು. ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಒಂದರ ಹೆಸರಿನ ಅರ್ಥ ಕಡಲಿನ ಪಿಸುಮಾತು ಎಂದು ಮಹಾಂತೇಶ ಹೇಳಿದ. ಕಡಲನ್ನು ನಾನು ನೋಡಿಲ್ಲ. ನಾನು ನೋಡಿದ ದೊಡ್ಡ ನೀರೆಂದರೆ ಹಿಪ್ಪರಗಿಯ ಬ್ಯಾರೇಜಿನಲ್ಲಿ ಕೃಷ್ಣೆಯದು. ಗೇಟು ಎತ್ತಿದಾಗ ಅವಳು ಪಿಸುಗುಟ್ಟುವುದಿಲ್ಲ, ಪಕ್ಕದಲ್ಲಿ ನಿಂತವರ ಮಾತೂ ಕೇಳದ ಹಾಗೆ ಬೊಬ್ಬೆ ಹೊಡೆಯುತ್ತಾಳೆ. ಇನ್ನು ಬಣ್ಣವೋ, ಅಪ್ಪಟ ಚಹಾದ ಬಣ್ಣ. ಆ ಕಾರ್ಡುಗಳನ್ನು ನೋಡಿ ನೋಡಿ ಕಣ್ಣಿಗೆ ಕತ್ತಲೆ ಬಂದು, ಕೊನೆಗೆ ಕೈಯಲ್ಲಿದ್ದ ಚಹಾ ಕೂಡ ಸ್ವಲ್ಪ ಹಸಿರಾಗಿ ಕಂಡಿತು.

ಮೂರು ಬಣ್ಣಗಳ ಸಣ್ಣ ಡಬ್ಬಗಳನ್ನು ತಂದೆ. ಬಣ್ಣ ಬಳಿಯುವ ಹುಸೇನಸಾಬ ಬಚ್ಚಲ ಗೋಡೆಗೆ ಮೂರು ಪಟ್ಟೆ ಎಳೆದ. ಈ ಹುಸೇನಸಾಬ ಮೊದಲು ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ. ಮಗ್ಗದ ಸದ್ದಿಗೆ ಕಿವಿ ಸೋತು ಈಗ ಬ್ರಷ್ ಹಿಡಿದಿದ್ದಾನೆ. ಮಹಾದೇವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಒಂದೊಂದನ್ನೇ ನೋಡಿದಳು.

"ಇದು ದವಾಖಾನಿ ಬಣ್ಣ. ಇದು ಸಾಲಿ ಬಾಗಲದ್ದು. ಇದಂತೂ, ಬಾಡಗಂಡಿ ಫ್ಯಾಕ್ಟರಿಗೆ ಕಬ್ಬ ಹೊಡಿಯೂ ಟ್ರಾಲಿ ಬಣ್ಣ. ಜಳಕಾ ಮಾಡೂಮುಂದ ಹಿಂದಿಂದ ಹಾರ್ನ್ ಕೇಳಿಸಾಕತ್ತೈತಿ ನನಗ."

ಹುಸೇನಸಾಬ ನಕ್ಕ. ಅವನ ಕಿವಿ ಕೆಲವು ಮಾತಿಗೆ ಮಾತ್ರ ಚುರುಕಾಗುತ್ತದೆ.

ನೆನಪಿನಿಂದ ಬಣ್ಣ ಸಿಗುವುದಿಲ್ಲ ಎಂದು ಖಾತ್ರಿಯಾಯಿತು. ಆಗ ಹೊಳೆದದ್ದು ಅಪ್ಪನ ನಮೂನೆಯ ಪುಸ್ತಕ. ಅಪ್ಪನಿಗೆ ಒಂದು ರೂಢಿಯಿತ್ತು. ಸೀರೆ ಮುಗಿದು ಮಗ್ಗದಿಂದ ಇಳಿಸುವಾಗ ತುದಿಯಲ್ಲಿ ಉಳಿದ ಎರಡು ಬೆರಳಗಲ ಬಟ್ಟೆಯನ್ನು ಕತ್ತರಿಸಿ ಒಂದು ಪುಸ್ತಕದಲ್ಲಿ ಅಂಟಿಸಿಡುತ್ತಿದ್ದರು. ಮನೆಯ ಟ್ರಂಕು ಬುಡಮೇಲು ಮಾಡಿದೆ. ಸಿಕ್ಕಿತು! ನಮ್ಮ ಲಗ್ನದ ವರ್ಷದ ಹಾಳೆ ಹಳದಿಯಾಗಿತ್ತು, ಆ ಸೀರೆಯ ತುಂಡು ಮಾತ್ರ ನಿನ್ನೆ ನೇಯ್ದ ಹಾಗೆ ಮಿಂಚುತ್ತಿತ್ತು. ಅಪ್ಪನ ಕೈಯ ಕೆಲಸವನ್ನು ಬೆರಳಿನಿಂದ ಸವರುತ್ತ ಕೂತೆ. ಆಮೇಲೆ ನಾನು ಗೆದ್ದೆ ಎಂದು ನೆನಪಾಗಿ ಎದ್ದು ಕುಣಿದೆ.

ಪುಸ್ತಕದಿಂದ ಬಿಡಿಸಿ ಒಯ್ದ ಆ ತುಂಡನ್ನು ಮಹಾಂತೇಶ ಒಂದು ಯಂತ್ರದ ಕಣ್ಣಿನ ಕೆಳಗೆ ಇಟ್ಟ. ಯಂತ್ರ ಯಾವುದೋ ನಂಬರ್ ತೋರಿಸಿತು, ಬಣ್ಣ ಕಲೆಸಿತು, ಡಬ್ಬ ಗಡಗಡ ಅಲುಗಾಡಿಸಿತು. ತಂದು ಒಂದು ಗೋಡೆ ಬಳಿಸಿದೆ. ಮಹಾದೇವಿ ನೋಡಿ, "ಇದು ನೀಲಿ ಆತಲ್ರಿ. ಸೀರಿ ಹಸರಿತ್ತು" ಅಂದಳು. ತುಂಡನ್ನು ಪಡಸಾಲೆಯ ಟೇಬಲ್ ಮೇಲೆ ಇಟ್ಟು ಪಂಚಾಯಿತಿ ಶುರುವಾಯಿತು. ನಾನು ಕುರ್ಚಿಯಲ್ಲಿ ಕೂತಿದ್ದೆ, ಅವಳು ನನ್ನ ಎಡಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಕಣ್ಣ ಬಿಟ್ಟ ನೋಡು, ನೀಲಿ ಐತಿ!"

"ನೀವ ನೋಡ್ರಿ, ಹಸರ ಐತಿ!"

"ಬಣ್ಣದಾಗ ಹುಟ್ಟಿ ಬೆಳದಾಂವ ನಾ, ನನಗ ಕಲಸ್ತಿಯೇನ?"

"ಬಣ್ಣದಾಗ ಹುಟ್ಟಿದ್ರ ಸೀರಿ ಯಾಕ ಮಾರಿದ್ರಿ?"

ನೋಡಿದಿರಲ್ಲ, ಮತ್ತೆ ಲೋಕಾಪುರ ಬಂತು. ಆ ಮಾತು ಈ ಮಾತಿಗೆ ಹೇಗೆ ಜವಾಬು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಇಬ್ಬರೂ ಕೂತಲ್ಲಿಂದ, ನಿಂತಲ್ಲಿಂದ ಒಂದು ಹೆಜ್ಜೆ ಅಲುಗಾಡಲಿಲ್ಲ.

ಮರುದಿನ ಮಹಾದೇವಿ ಅದೇ ತುಂಡನ್ನು ಕೊಟ್ಟು ಹುಸೇನಸಾಬನನ್ನೇ ಜಮಖಂಡಿಗೆ ಕಳಿಸಿದಳು. ಅವನು ತಂದ ಡಬ್ಬ ತೆಗೆದರೆ ಹಸಿರು! ಒಂದೇ ತುಂಡು, ಒಂದೇ ಅಂಗಡಿ, ಒಂದೇ ಯಂತ್ರ, ಬಣ್ಣ ಎರಡು. ನನ್ನ ತಲೆ ಕಾದು ಹೋಯಿತು. ತುಂಡನ್ನು ಕಿಸೆಯಲ್ಲಿಟ್ಟು, ಎರಡೂ ಡಬ್ಬಗಳನ್ನು ಎರಡು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಹೋಗಿ, ಅಂಗಡಿ ತುಂಬ ಮಂದಿ ಇರುವಾಗಲೇ ಗದ್ದಲ ಎಬ್ಬಿಸಿದೆ.

"ಏನ್ ಮಷಿನ್ನೋ ಇದು, ಏನ್ ಹುಡುಗಾಟೋ? ಮೂವತ್ತ ವರ್ಷ ಬಣ್ಣದಾಗ ಅದೇನಿ ನಾ! ಬನಹಟ್ಟಿಯಾಂವ! ನನಗ ಟೋಪಿ ಹಾಕ್ತಿ?"

ಮಹಾಂತೇಶ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನ್ನಿಂದ ತುಂಡನ್ನು ಇಸಿದುಕೊಂಡು ಅಂಗೈ ಮೇಲೆ ಹರಡಿದ. "ಎಂಥಾ ಬಣ್ಣ ಐತ್ರಿ ಕಾಕಾರ?" ನೀಲಿ ಎಂದೆ. ಅಂಗೈಯನ್ನು ಹಾಗೇ ಅರ್ಧಕ್ಕೆ ತಿರುಗಿಸಿದ. ತುಂಡು ಹಸಿರಾಯಿತು. ಮತ್ತೆ ತಿರುಗಿಸಿದ. ನೀಲಿಯಾಯಿತು.

"ಹಾಸು ನೀಲಿ, ಹೊಕ್ಕು ಹಸರು. ಹೆಂಗ ಹಿಡೀತೀರಿ ಹಂಗ ಕಾಣತೈತಿ. ಮಷಿನ್ ಏನ್ ಮಾಡಬೇಕ್ರಿ ಪಾಪ?" ಎಂದು, ದನಿ ತಗ್ಗಿಸಿ ನಿಜವಾದ ಕಾಳಜಿಯಿಂದ ಕೇಳಿದ, "ನೀವು ಬನಹಟ್ಟಿಯವರ ಹೌದಲ್ರಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉದ್ದ ಎಳೆ ಒಂದು ಬಣ್ಣ, ಅಡ್ಡ ಎಳೆ ಇನ್ನೊಂದು ಬಣ್ಣ ಹಾಕಿ ನೇಯ್ದರೆ ಬಟ್ಟೆ ಬಿಸಿಲು-ನೆರಳಿನ ಹಾಗೆ ಬಣ್ಣ ಬದಲಿಸುತ್ತದೆ ಎಂಬುದು ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬಟ್ಟೆ ಕೈಗೆ ಬಂದರೆ ಮೊದಲು ಹೊರಳಿಸಿ ನೋಡು ಎಂದು ಅಪ್ಪ ಸಾವಿರ ಸಲ ಹೇಳಿದ್ದರು. ಆದರೆ ನಾನು ಮಗ್ಗ ಬಿಟ್ಟು ಎಷ್ಟೋ ಕಾಲವಾಯಿತು. ಈಗ ಸೀರೆಗಳು ಡಬ್ಬಿಯಲ್ಲಿ ಬರುತ್ತವೆ, ಡಬ್ಬಿಯ ಮೇಲೆ ನಂಬರ್ ಇರುತ್ತದೆ, ನಾನು ನಂಬರ್ ಓದುತ್ತೇನೆ. ಬಣ್ಣ ನೋಡುತ್ತೇನೆ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ ಅಷ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ಪರಿಚಯದವರು ಇಬ್ಬರು ಸಿಕ್ಕರು, ಡಬ್ಬಗಳಲ್ಲಿ ಏನು ಎಂದು ಕೇಳಿದರು. ತುಪ್ಪ ಎಂದೆ.

ಕಲೆಸಿದ ಬಣ್ಣವನ್ನು ಅಂಗಡಿಯವರು ವಾಪಸು ತಗೊಳ್ಳುವುದಿಲ್ಲ. ನೀಲಿಯೋ ಹಸಿರೋ ಎಂದು ನಾನು ತಲೆ ಮೇಲೆ ಕೈಹೊತ್ತು ಕೂತಾಗ ದಾರಿ ತೋರಿಸಿದವನು ಹುಸೇನಸಾಬ. "ಯಾಕ ಚಿಂತಿ ಮಾಡ್ತೀರಿ ಸಾವಕಾರ್ರ? ನಾನೂ ನೇಕಾರ ಇದ್ದಾಂವ. ನೀಲಿ ಉದ್ದಕ ಎಳೀತೇನಿ, ಹಸರು ಅಡ್ಡ ಎಳೀತೇನಿ. ಗ್ವಾಡೀನ ನೇಯ್ದ ಬಿಡೂಣು!" ನನಗೆ ರೋಮಾಂಚನವಾಯಿತು. ಗೋಡೆಯನ್ನು ನೇಯುವುದು! ಜಗತ್ತಿನಲ್ಲಿ ಯಾರಿಗಾದರೂ ಹೊಳೆದಿತ್ತೇ? ಮಹಾದೇವಿಯನ್ನು ತವರಿಗೆ, ಬೀಳಗಿಗೆ, ಎರಡು ದಿನ ಕಳಿಸಿ ಕೆಲಸಕ್ಕೆ ಹಚ್ಚಿದೆ. ನಾನೇ ಮುಂದೆ ನಿಂತು ದಾರ ಹಿಡಿದು ಗೆರೆ ಹಾಕಿಸಿದೆ.

ಅವಳು ಬಂದಳು. ಬಚ್ಚಲ ಬಾಗಿಲು ತೆಗೆದಳು. ನಾನು ಹಿಂದೆಯೇ ನಿಂತೆ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವ ಹಾಗೆ, ಹೊಟ್ಟೆ ಹಿಡಿದುಕೊಂಡು.

"ಸೀರಿ ಕೇಳಿದ್ನಿ. ಮೂವತ್ತ ವರ್ಷ ಬಿಟ್ಟ ಲುಂಗಿ ಕೊಟ್ರಿ!"

ನಾನು ಆಗ ಮತ್ತೊಮ್ಮೆ ನೋಡಿದೆ. ಹೌದು, ನಾಲ್ಕೂ ಗೋಡೆಗೆ ದೊಡ್ಡ ದೊಡ್ಡ ಚೌಕಗಳ ಲುಂಗಿ. ಹುಸೇನಸಾಬ ನಡುವೆ ಒಂದು ಬಿಳಿ ಗೆರೆ ಬೇರೆ ಎಳೆದಿದ್ದ, ಚಂದ ಕಾಣಲಿ ಎಂದು. ಅವಳು ನಕ್ಕು ಸುಸ್ತಾಗಿ, ನನ್ನ ಕೈ ಹಿಡಿದು ಎದ್ದು ಹೇಳಿದಳು, "ಹೋಗ್ಲಿ ಬಿಡ್ರಿ. ಇಷ್ಟ ನಗಿಸಿದ್ರಲ್ಲ, ಆತು. ಆ ಸೀರಿ ಮಾತು ಇವತ್ತಿಗಿ ಮುಗೀತು."

ಆ ಮಾತು ಕೇಳಿ ನನ್ನ ಮನಸ್ಸು ಎಷ್ಟು ಕರಗಿತೆಂದರೆ, ಸುಮ್ಮನಿರಬೇಕಿತ್ತು, ಇರಲಿಲ್ಲ. ರಬಕವಿಯಲ್ಲಿ ಇನ್ನೂ ಕೈಮಗ್ಗ ಇಟ್ಟುಕೊಂಡಿರುವ ಒಬ್ಬ ಹಿರಿಯರಿದ್ದಾರೆ. ಅಪ್ಪನ ತುಂಡನ್ನು ಅವರ ಕೈಗೆ ಕೊಟ್ಟು, ಅದೇ ಹಾಸು ಅದೇ ಹೊಕ್ಕು ಹಾಕಿಸಿ ಒಂದು ಸೀರೆ ನೇಯಿಸಿದೆ. ಸೀರೆ ಬಂದ ದಿನ ಅದನ್ನು ಅವಳ ಮಡಿಲಿಗೆ ಹಾಕಿ, ಸನ್ಮಾನಕ್ಕೆ ಕಾಯುವವನ ಹಾಗೆ ನಿಂತೆ.

ಅವಳು ಬಿಚ್ಚಿ ನೋಡಿದಳು, ಹೊರಳಿಸಿಯೂ ನೋಡಿದಳು. "ಅಯ್ಯ, ಇದು ನಮ್ಮ ಬಚ್ಚಲ ಬಣ್ಣ ಆತಲ್ರಿ! ಬಚ್ಚಲಾ ಉಟಗೊಂಡು ಮಂದಿ ಲಗ್ನಕ್ಕ ಹೋಗ್ಲೇನು? ಬ್ಯಾಡ್ರೆಪಾ, ನಾ ಉಡೂದಿಲ್ಲ."

ಈಗ ನಾನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾದ ಸಂಗತಿ ಇದೆ. ಅಂಗಡಿಯಲ್ಲಿ ಗಿರಾಕಿ ಬೇಡ ಅಂದರೆ ಅದು ಬೇಡ ಅಲ್ಲ ಎಂದು ನಾನು ಬಲ್ಲೆ. "ಒಮ್ಮಿ ಮೈ ಮ್ಯಾಲ ಹಾಕ್ಕೊಂಡ ನೋಡ್ರಿ ಅಕ್ಕಾರ" ಎಂದು ಮೂರು ಸಲ ಹೇಳುತ್ತೇನೆ, ಕನ್ನಡಿ ಹಿಡಿಯುತ್ತೇನೆ, ಚಹಾ ಕುಡಿಸುತ್ತೇನೆ. ಮೂರನೆಯ ಸಲಕ್ಕೆ ಬೇಡ ಎಂಬುದು ಹೂಂ ಆಗುತ್ತದೆ. ಮನೆಯಲ್ಲಿ ಒಂದು ಸಲವೂ ಹೇಳಲಿಲ್ಲ. ಬೇಡ ಅಂದಳು, ಮಡಚಿದೆ, ಅಂಗಡಿಗೆ ಒಯ್ದೆ. ಮರುದಿನ ಮುಧೋಳದಿಂದ ಜವಳಿಗೆ ಬಂದ ಒಬ್ಬ ಹೆಣ್ಣುಮಗಳು ಅದರ ಮೇಲೆ ಕೈ ಇಟ್ಟಳು. ಕಟ್ಟಿಕೊಟ್ಟೆ.

ಸಂಜೆ ಮನೆಗೆ ಬಂದಾಗ ಮಹಾದೇವಿ ಬಾಗಿಲಲ್ಲೇ ಇದ್ದಳು. ಕೈಯಲ್ಲಿ ಒಂದು ಕುಪ್ಪಸದ ಬಟ್ಟೆ. ನೀಲಿಯೂ ಅಲ್ಲ, ಹಸಿರೂ ಅಲ್ಲ. ಬರೋಬ್ಬರಿ ಅದೇ ಬಣ್ಣ. ಪ್ಯಾಟಿಯೆಲ್ಲ ತಿರುಗಿ ತಂದಿದ್ದಳಂತೆ.

"ಆ ಸೀರಿ ಕೊಡ್ರಿ, ಫಾಲ್ ಹಚ್ಚಾಕ ಕೊಟ್ಟ ಬರ್ತೇನಿ" ಅಂದಳು.

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಅವಳಿಗೆ ತಿಳಿಯಿತು.

"ನಾ ಉಡೂದಿಲ್ಲ ಅಂದ್ನಿ. ಮಾರ್ರಿ ಅಂದ್ನೇನು?"

ಅವಳು ಜಗಳಾಡಲಿಲ್ಲ. ಕುಪ್ಪಸದ ಬಟ್ಟೆಯನ್ನು ನಿಧಾನವಾಗಿ ಮಡಚುತ್ತ, ಪಡಸಾಲೆಯ ಗೋಡೆಗಳನ್ನು ಒಂದೊಂದಾಗಿ ನೋಡಿದಳು. ನಮ್ಮ ಪಡಸಾಲೆ ದೊಡ್ಡದು. ಬಚ್ಚಲಿನಂಥವು ಹತ್ತು ಹಿಡಿಯುತ್ತವೆ.

"ಪಡಸಾಲಿಗಿ ಬಣ್ಣಾ ಹಚ್ಚೂದೈತಿ" ಅಂದಳು.

ಯಾವ ಬಣ್ಣ ಎಂದು ನಾನು ಕೇಳಲಿಲ್ಲ. ಹುಸೇನಸಾಬನಿಗೆ ಫೋನ್ ಮಾಡಿ, ಜಮಖಂಡಿಗೆ ಹೋಗಿ ಎರಡೂ ಬಣ್ಣ ತರಲು ಹೇಳಿದೆ, ಈ ಸಲ ದೊಡ್ಡ ಡಬ್ಬ.