ನಮ್ಮೂರ ಸ್ಟೇಷನ್ನಿನ ಗಂಟಿ

ನಮ್ಮ ಅತ್ತಿಯವರು ಧಾರವಾಡದಿಂದ ಲಂಡನ್ನಿಗೆ ಬಂದಾಗೆಲ್ಲ ಏನರ ಒಂದು ಆಗೇ ಆಗತದ. ಎರಡು ಸಾವಿರದ ಇಸವಿ ಆಸುಪಾಸು ಆದದ್ದಂತೂ ಭಾರೀ!

ಲಂಡನ್ನಿನ ಹ್ಯಾರೋದಾಗ ನಮ್ಮ ಮನೀ ಹಿಂದಿನ ಕಾಲುದಾರಿ ಒಂದು ಕಾಲಕ್ಕ ರೈಲು ದಾರಿ ಆಗಿತ್ತಂತ! ರೈಲು ಅಂದ್ರ ನನಗ ಜೀವ. ಇದು ಗೊತ್ತಾದ ಮರುದಿನಾನ ಊರಿನ ರೈಲು ಇತಿಹಾಸ ಸಂಘ ಸೇರಿಬಿಟ್ಟೆ. ಹನ್ನೊಂದು ಮಂದಿ ಮುದುಕರು. ಅವರ ನಡುವ ನಾನೊಬ್ಬನ ಹುಡುಗ, ಐವತ್ತರಾಂವ.

೧. ಪೊದಿ ಮುಂದ

ಒಂದು ರವಿವಾರ ಹಳೇ ದಾರಿ ತೋರಸ್ಲಿಕ್ಕೆ ಕರಕೊಂಡು ಹೋದ್ರು. ಅತ್ತಿಯವರೂ ಬಂದ್ರು. ಸಂಘದ ಅಧ್ಯಕ್ಷರು, ರಿಟೈರಾದ ಸಾಲೀ ಮಾಸ್ತರು, ಇಂಗ್ಲಿಷರವರು, ಒಂದು ಮುಳ್ಳಿನ ಪೊದಿ ಮುಂದ ನಿಂತು ಟೊಪಗಿ ತಗದು, "ಇದ ನೋಡ್ರಿ ನಮ್ಮೂರ ಪ್ಲಾಟ್‌ಫಾರ್ಮು!" ಅಂದ್ರು. ನನಗ ಮೈ ಝುಂ ಅಂತು.

"ರೈಲು ಎಷ್ಟಕ್ಕ ಬರತದ್ರೀ?" ಅಂದ್ರು ಅತ್ತಿಯವರು.

"ನಿಂತು ನಲವತ್ತು ವರ್ಷಾತ್ರೀ" ಅಂದೆ ನಾನು.

"ನಮ್ಮ ಕಡೀ ಪ್ಯಾಸೆಂಜರ್ ಗಾಡೀನ ವಾಸಿ" ಅಂತ ಅಲ್ಲೇ ಕೂತು ಚುರಮರಿ ಡಬ್ಬಿ ಬಿಚ್ಚಿದ್ರು.

೨. ಕರೀ ಇತಿಹಾಸ

ಆ ಸ್ಟೇಷನ್ ಇತ್ತು ಅನ್ನೋದಕ್ಕ ಉಳಿದ ಪುರಾವೆ ಒಂದ, ಹಿತ್ತಾಳಿ ಗಂಟಿ. ಶನಿವಾರ ಲೈಬ್ರರಿಯೊಳಗ ಪ್ರದರ್ಶನ. ಕೌನ್ಸಿಲ್ಲಿನ ಮೇಡಂ ಗಂಟಿ ನೋಡಿ ಒಪ್ಪಿದ್ರ ಆ ಜಾಗಾಕ್ಕ ಹೆಸರಿನ ಫಲಕ! ಅಧ್ಯಕ್ಷರು ಇಪ್ಪತ್ತು ವರ್ಷ ಇದಕ್ಕಂತನ ಓಡ್ಯಾಡಿದ್ರು.

ಅಲ್ಲೀ ತನಕಾ ಗಂಟಿ ನನ್ನ ವಶಕ್ಕ ಕೊಟ್ರು. "ಒರಸಬ್ಯಾಡ್ರಿ ಮತ್ತ! ಆ ಕರೀ ಹೊಲಸ ಇತಿಹಾಸ."

ಶನಿವಾರ ಮುಂಜಾನೆ ಅತ್ತಿಯವರು ಅದನ್ನ ಕುಪ್ಪಸದ ಖಣದಾಗ ಸುತ್ತಿ ಕೈಗೆ ಕೊಟ್ರು. ಬಟ್ಟಿಗೆ ಕುಂಕುಮ ಹತ್ತಿತ್ತು. ಅವಸರದಾಗ ಕೇಳಿದೆ:

"ಏನೂ ಮಾಡಿಲ್ಲ ಹೌದಲ್ರೀ?"

"ಇಲ್ರೀ. ನಿನ್ನೆ ಖಂಡೇಪೂಜಾ, ಆಯುಧಪೂಜಾ ಇತ್ತಲ್ಲ, ನಿಮ್ಮ ರೈಲಿನ ಸಾಮಾನು ಅಂತ ಬರೇ ಹುಣಸೇಹಣ್ಣು ಹಚ್ಚಿ ತಿಕ್ಕಿ ಪೂಜಾ ಮಾಡೀನಿ. ಪಾಪ, ಈ ಮಂದಿಗೆ ಹಿತ್ತಾಳಿ ತಿಕ್ಕೋದು ಗೊತ್ತಿಲ್ಲ."

೩. ಖಣಾ ಎಳದಾಗ

ಬಿಚ್ಚಿ ನೋಡೋ ಧೈರ್ಯ ಆಗಲಿಲ್ಲ. ಅತ್ತಿಯವರನ್ನೂ ಕರಕೊಂಡು ಹೋದೆ. ಲೈಬ್ರರಿ ತುಂಬಿತ್ತು. ನಮ್ಮ ಜೋಡಿ ಸದಾ ಜಿದ್ದಿಗೆ ಬೀಳೋ ಪಕ್ಕದೂರಿನ ಸಂಘದವರು ಮುಂದಿನ ಸಾಲಿನ್ಯಾಗ! ಅಧ್ಯಕ್ಷರು, "ನಮ್ಮೂರ ಗಂಟಿ!" ಅಂತ ಖಣಾ ಎಳದ್ರು.

ಥಳಥಳ ಹೊಳೀಲಿಕ್ಕೆ ಹತ್ತಿತ್ತು! ಮಂದಿ ಚಪ್ಪಾಳಿ ಹೊಡದ್ರು. ಬದುಕಿದ್ಯಾ ಬಡಜೀವ ಅಂದ್ಕೊಂಡೆ. ಅಷ್ಟ್ರಾಗ ಮೇಡಂ ಮೂಗಿಗೆ ಚಾಳೀಸು ಏರಿಸಿ, ಇಷ್ಟು ವರ್ಷ ಹೊಲಸಿನ ಕೆಳಗ ಮುಚ್ಚಿದ್ದ ಅಕ್ಷರ ಗಟ್ಟ್ಯಾಗಿ ಓದಿದ್ರು. ಪಕ್ಕದೂರಿನ ಸ್ಟೇಷನ್ನಿನ ಹೆಸರು!

ಮುಂದಿನ ಸಾಲಿನವರು ಎದ್ದು ಕುಣದ್ರು. ಗಂಟೀನೂ ಫಲಕಾನೂ ಅವರ ಪಾಲಾತು. ಅಧ್ಯಕ್ಷರ ಮಾರಿ ನೋಡಿ ನನಗ ಅಳೂನ ಬಂತು.

ಅತ್ತಿಯವರು ಸುಮ್ನ ಕೂಡಲಿಲ್ಲ. ಅಧ್ಯಕ್ಷರ ಹತ್ತರ ಹೋಗಿ, "ಚಿಂತಿ ಮಾಡಬ್ಯಾಡ್ರಿ. ಇನ್ನೇನರ ಹಳೇದಿದ್ರ ಕೊಡ್ರಿ, ತಿಕ್ಕಿ ನೋಡೂಣು" ಅಂದ್ರು.

ಒಂದಕ್ಷರ ಕನ್ನಡ ಬರದ ಅಧ್ಯಕ್ಷರು, ಮೇಜಿನ ಮ್ಯಾಲಿದ್ದ ಹಳೇ ರೈಲು ಕಂದೀಲು ಎದಿಗೆ ಅವಚಿಕೊಂಡು ಎರಡು ಹೆಜ್ಜಿ ಹಿಂದ ಸರದ್ರು.