ಅಕ್ಕನನ್ನು ಎಣಿಸದ ಪೆಟ್ಟಿಗೆಯವರಿಗೆ

ನಮ್ಮ ಬೀದಿಯ ದೀಪದ ಕಂಬದ ಮೇಲೆ, ಯಾರ ಕೈಗೂ ಎಟುಕದ ಎತ್ತರದಲ್ಲಿ ವಿರಾಜಮಾನರಾಗಿ, ಒಂದೇ ಕಣ್ಣಿನಿಂದ ಸಕಲವನ್ನೂ ನೋಡುತ್ತಿರುವ ಬೂದು ಬಣ್ಣದ ಎಣಿಕೆ ಪೆಟ್ಟಿಗೆಯವರ ಸನ್ನಿಧಾನಕ್ಕೆ, ಕಂಬದ ಕೆಳಗಿನ ಲಾಂಡ್ರಿಯವನು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆಯ ಗಾಳಿಗೆ ತಮ್ಮ ತಲೆಯ ಮೇಲಿನ ತಗಡು ಕೊಂಚ ಓರೆಯಾದದ್ದನ್ನು ಅಂಗಡಿಯಿಂದಲೇ ಗಮನಿಸಿ ಕಳವಳಪಟ್ಟೆ. ಆದರೆ ಮರುದಿನವೇ ನಗರಸಭೆಯವರು ಏಣಿ, ಇಬ್ಬರು ಕೆಲಸದವರು ಮತ್ತು ಅವರು ಏಣಿ ಹತ್ತುವುದನ್ನು ನೋಡಲು ಒಬ್ಬ ಮೇಲ್ವಿಚಾರಕನನ್ನು ಕಳಿಸಿ ಅದನ್ನು ನೆಟ್ಟಗೆ ಮಾಡಿಸಿದರು. ನಮ್ಮ ಬೀದಿಗೆ ಯಾವ ಕಾರಣಕ್ಕಾದರೂ ನಗರಸಭೆಯವರು ಅಷ್ಟು ಬೇಗ ಬಂದದ್ದು ನನಗೆ ತಿಳಿದಂತೆ ಇದೇ ಮೊದಲು. ತಮ್ಮ ಸ್ಥಾನಮಾನದ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಅನುಮಾನವೂ ಅಂದು ನಿವಾರಣೆಯಾಯಿತು.

ಈ ಪತ್ರವನ್ನು ನ್ಯಾಯವಾಗಿ ನಾನು ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಿಗೆ ಬರೆಯಬೇಕಿತ್ತು. ಬರೆದೆ. ಉತ್ತರ ಬಾರದಿದ್ದಾಗ ಖುದ್ದಾಗಿ ಹೋಗಿ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಅಧ್ಯಕ್ಷರು ಬಹಳ ಸಜ್ಜನರು, ನನ್ನನ್ನು ಒಳಗೆ ಕರೆಸಿ, ಫ್ಯಾನನ್ನು ನನ್ನ ಕಡೆ ತಿರುಗಿಸಿ, "ನಮ್ಮ ಕೈಯಲ್ಲಿ ಏನಿದೆ ಹೇಳಿ, ಆ ಪೆಟ್ಟಿಗೆ ಏನು ಹೇಳುತ್ತೋ ನಾವು ಅದನ್ನೇ ಮಾಡೋದು" ಎಂದು ಅತ್ಯಂತ ನಮ್ರತೆಯಿಂದ ಹೇಳಿದರು. ಊರಿನ ಆಡಳಿತ ಕಂಬದ ಮೇಲೆ ನಡೆಯುತ್ತಿರುವಾಗ ನಾನು ಕಚೇರಿಯಲ್ಲಿ ಕಾಲಹರಣ ಮಾಡಿದ್ದು ನನ್ನದೇ ತಪ್ಪು. ಆದ್ದರಿಂದ ನಡುವಿನವರನ್ನೆಲ್ಲ ಬಿಟ್ಟು ನೇರವಾಗಿ ತಮ್ಮಲ್ಲೇ ನಿವೇದಿಸಿಕೊಳ್ಳುತ್ತಿದ್ದೇನೆ.

ನಾನೂ ಜೀವಮಾನವೆಲ್ಲ ಒಂದು ಪೆಟ್ಟಿಗೆಯನ್ನು ನಂಬಿಕೊಂಡೇ ಬದುಕಿದವನು. ನನ್ನದು ಇಸ್ತ್ರಿ ಪೆಟ್ಟಿಗೆ. ಅದು ತಪ್ಪು ಮಾಡಿದರೆ ಸುಟ್ಟ ವಾಸನೆ ಬರುತ್ತದೆ, ಗಿರಾಕಿ ಬಂದು ನನ್ನ ಗ್ರಹಚಾರ ಬಿಡಿಸುತ್ತಾನೆ. ತಮ್ಮಲ್ಲಿ ಅಂಥ ಯಾವ ಕೀಳು ವ್ಯವಸ್ಥೆಯೂ ಇಲ್ಲದಿರುವುದು ತಮ್ಮ ಹಿರಿಮೆ. ಅಂಗಡಿಯ ಹಿಂದೆಯೇ ನಮ್ಮ ಮನೆ. ರಸ್ತೆಯ ಆ ಬದಿಯಲ್ಲಿ, ನನ್ನ ಅಂಗಡಿಗೆ ಸರಿಯಾಗಿ ಎದುರು, ನೆಲಮಹಡಿಯಲ್ಲಿ ನನ್ನ ಅಕ್ಕ ಇದ್ದಾಳೆ. ನಾನು ಒಗೆದು ಇಸ್ತ್ರಿ ಮಾಡುವ ಬಟ್ಟೆಗಳಲ್ಲಿ ಕಾಲರು ಸವೆದದ್ದು, ಜೇಬು ಕಿತ್ತದ್ದು, ಗುಂಡಿ ಉದುರಿದ್ದು ಏನಿದ್ದರೂ ಅಕ್ಕನ ಹೊಲಿಗೆಗೆ ಹೋಗಬೇಕು. ಬೆಳಿಗ್ಗೆ ನಾನು ಗಂಟು ಕಟ್ಟಿ ಆಚೆ ಕೊಟ್ಟರೆ ಸಂಜೆ ಅವಳೇ ಅದನ್ನು ಬಗಲಲ್ಲಿ ಇಟ್ಟುಕೊಂಡು ದಾಟಿ ಬಂದು, ಗಂಟನ್ನು ಮೇಜಿನ ಮೇಲೆ ಹಾಕಿ, ನನ್ನ ಹೆಂಡತಿ ಮಾಡಿದ ಅಡುಗೆಯಲ್ಲಿ ಒಂದು ಕೊರತೆ ಹುಡುಕಿ, ನಮ್ಮ ಜೊತೆ ಊಟ ಮಾಡಿ ಹೋಗುತ್ತಿದ್ದಳು. ಭಾವ ತೀರಿಕೊಂಡ ಮೇಲೆ ನಡೆದುಕೊಂಡು ಬಂದ ಪದ್ಧತಿ ಇದು. ಅವಳ ಮಂಡಿಗೆ ಆಪರೇಷನ್ ಆದ ಮೇಲೆ ಕೋಲು ಬಂತು, ನಡಿಗೆ ನಿಧಾನವಾಯಿತು, ಕೊರತೆ ಹುಡುಕುವುದು ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ನಡುವೆ ಜೀಬ್ರಾ ಪಟ್ಟೆ ಇತ್ತು, ಗಾಡಿಯವರು ನಿಲ್ಲುತ್ತಿದ್ದರು, ಅವಳು ಬರುತ್ತಿದ್ದಳು.

ಆಗ ನಗರಸಭೆಗೆ ನಮ್ಮ ಸುರಕ್ಷತೆಯ ನೆನಪಾಯಿತು. ನಿವಾಸಿಗಳ ಸಭೆಯಲ್ಲಿ ಎಂಜಿನಿಯರ್ ಸಾಹೇಬರು ನಕ್ಷೆ ಹರಡಿ ತಿಳಿಸಿಕೊಟ್ಟರು: ಈ ಬೀದಿಯಲ್ಲಿ ಜನರಿಗೆ ಗಾಡಿ ತಗಲಿದ ಪ್ರಸಂಗಗಳಲ್ಲಿ ಹೆಚ್ಚಿನವು ಜೀಬ್ರಾ ಪಟ್ಟೆಯ ಮೇಲೇ ಆಗಿವೆ, ಆದ್ದರಿಂದ ಅಪಾಯ ಇರುವುದು ಪಟ್ಟೆಯಲ್ಲಿ, ಅದನ್ನು ಅಳಿಸಿದರೆ ಅಪಾಯವೂ ಅಳಿಯುತ್ತದೆ. ನಾನು ಮನಸ್ಸಿನಲ್ಲೇ ಕೈಮುಗಿದೆ. ಕಲೆಗಳೆಲ್ಲ ಬಟ್ಟೆಯ ಮೇಲೇ ಬೀಳುವುದರಿಂದ ತಪ್ಪು ಬಟ್ಟೆಯದೇ ಎಂದು ಗಿರಾಕಿಗಳಿಗೆ ಹೇಳಿ ಆರಾಮವಾಗಿ ಇರಬಹುದಿತ್ತು, ಇಷ್ಟು ವರ್ಷ ಸೋಪಿನಲ್ಲಿ ಕೈ ಒಡೆಸಿಕೊಂಡ ನನಗೆ ಅದು ಹೊಳೆಯಲೇ ಇಲ್ಲ. ಪಟ್ಟೆ ಅಳಿದ ಜಾಗ ಖಾಲಿ ಬಿಡಬಾರದೆಂದು, ಅದೇ ಉಸಿರಿನಲ್ಲಿ ನಿವಾಸಿ ವಾಹನ ನಿಲುಗಡೆ ಯೋಜನೆಯೂ ಮಂಜೂರಾಯಿತು. ರಸ್ತೆಯ ಎರಡೂ ಬದಿಗೆ ಬಿಳಿ ಚೌಕಗಳು ಬಂದವು, ಗಾಜಿಗೆ ಅಂಟಿಸಲು ಹಳದಿ ಚೀಟಿಗಳು ಬಂದವು, ಚೀಟಿ ಸಿಕ್ಕವರು ಗಾಡಿಗಳನ್ನು ತಂದು ಒಂದರ ಮೂಗಿಗೆ ಇನ್ನೊಂದರ ಬೆನ್ನು ತಾಗಿಸಿ ನಿಲ್ಲಿಸಿದರು. ಅಕ್ಕನ ಕಿಟಕಿಗೆ ಮೊದಲು ನನ್ನ ಅಂಗಡಿ ಕಾಣುತ್ತಿತ್ತು. ಈಗ ಒಂದು ಬಿಳಿ ವ್ಯಾನಿನ ಪಕ್ಕೆ ಕಾಣುತ್ತದೆ, ಅದರ ಯಜಮಾನರು ಅದನ್ನು ಓಡಿಸಿದ್ದನ್ನು ನಾವು ಈವರೆಗೆ ನೋಡಿಲ್ಲ.

ಯೋಜನೆಯ ಹೆಸರಿನಲ್ಲೇ ಇರುವಂತೆ ನಿವಾಸಿಗಳ ಕ್ಷೇಮವೇ ಅದರ ಉದ್ದೇಶ. ಗಾಡಿಯಿಲ್ಲದ ಅಕ್ಕನಂಥವರು ಇಲ್ಲಿ ವಾಸ ಮಾತ್ರ ಮಾಡುತ್ತಾರೆ, ನಿವಾಸಿಗಳಲ್ಲ ಎಂಬ ಸೂಕ್ಷ್ಮ ನಮಗೆ ತಡವಾಗಿ ತಿಳಿಯಿತು. ಒಂದು ಸಂಜೆ ನಾನೇ ಅವಳ ಕೈಹಿಡಿದು ಕರೆತರಲು ಹೋದೆ. ಎರಡು ಗಾಡಿಗಳ ಸಂದಿಯಿಂದ ನುಸುಳಿ ನಡುರಸ್ತೆಗೆ ಬಂದೆವು, ಅಷ್ಟರಲ್ಲಿ ಒಂದು ಬೈಕು ಅವಳ ಕೈಚೀಲವನ್ನು ಸವರಿಕೊಂಡು ಹೋಯಿತು, ಅದರಲ್ಲಿದ್ದ ಅಂಗಿಯ ಗುಂಡಿಗಳೆಲ್ಲ ರಸ್ತೆಯ ಮೇಲೆ ಚೆಲ್ಲಿದವು, ಅಕ್ಕ ನನ್ನ ಕೈಯನ್ನು ಹಿಡಿದ ಹಿಡಿತ ಮನೆಗೆ ಬಂದ ಮೇಲೂ ಸಡಿಲವಾಗಲಿಲ್ಲ. ನನಗೂ ಭಯವಾಯಿತು, ಇದನ್ನು ಮರೆಮಾಚುವುದಿಲ್ಲ. ಬೀದಿಯ ಕೊನೆಯ ಸಿಗ್ನಲ್ಲಿನಲ್ಲಿ ದಾಟಬಹುದಲ್ಲ ಎಂದು ಕಚೇರಿಯ ಗುಮಾಸ್ತರು ಸಲಹೆ ಕೊಟ್ಟರು. ಅಕ್ಕ ಆ ದಾರಿಯಲ್ಲಿ ಊಟಕ್ಕೆಂದು ಹೊರಟರೆ ತಿಂಡಿಯ ಹೊತ್ತಿಗೆ ತಲುಪಿಯಾಳು.

ನಾವೆಲ್ಲ ಸಹಿ ಹಾಕಿ ಪಟ್ಟೆ ವಾಪಸು ಕೊಡಿ ಎಂದು ಅರ್ಜಿ ಕೊಟ್ಟ ಮೇಲೆ ತಮ್ಮ ಆಗಮನವಾಯಿತು. ಇಲ್ಲಿ ನಿಜವಾಗಿ ಜನ ದಾಟುತ್ತಾರೋ ಇಲ್ಲವೋ ಎಂದು ತಾವು ಒಂದು ವಾರ ನೋಡಿ ಹೇಳಬೇಕಿತ್ತು. ಆ ವಾರ ಅಕ್ಕ ದಿನಾ ಸಂಜೆ ತೊಳೆದಿಟ್ಟ ಸೀರೆ ಉಟ್ಟು, ತಲೆ ಬಾಚಿ, "ಎಣಿಸೋರ ಮುಂದೆ ನೀಟಾಗಿ ನಿಂತ್ಕೋಬೇಕು ಕಣೋ" ಎಂದು ಫೋನಿನಲ್ಲಿ ಹೇಳಿ, ಗಂಟು ಹಿಡಿದು ರಸ್ತೆಯ ಅಂಚಿಗೆ ಬಂದು ನಿಂತಳು. ತುಂಬಾ ಹೊತ್ತು ನಿಂತಳು. ಒಂದು ಹೆಜ್ಜೆ ಇಟ್ಟಳು, ಹಿಂದೆ ತೆಗೆದಳು. ಕತ್ತಲಾದ ಮೇಲೆ ಒಳಗೆ ಹೋದಳು. ವಾರದ ಕೊನೆಗೆ ತಮ್ಮ ವರದಿ ಬಂತು: ಈ ಜಾಗದಲ್ಲಿ ಪಾದಚಾರಿಗಳು ರಸ್ತೆ ದಾಟುವುದಿಲ್ಲ, ಆದ್ದರಿಂದ ಪಟ್ಟೆಯ ಅಗತ್ಯ ಕಂಡುಬರುವುದಿಲ್ಲ. ಈ ಅಂಚಿನಲ್ಲಿ ಒಂದು ಗೆರೆ, ಆ ಅಂಚಿನಲ್ಲಿ ಒಂದು ಗೆರೆ, ಎರಡನ್ನೂ ಮುಟ್ಟಿದವರು ಮಾತ್ರ ತಮ್ಮ ಲೆಕ್ಕಕ್ಕೆ ಬರುತ್ತಾರಂತೆ. ಮೊದಲ ಗೆರೆಯಲ್ಲಿ ನಿಂತು ಹೆದರಿ ಹಿಂತಿರುಗಿದವರು ಹುಟ್ಟಿಯೇ ಇಲ್ಲವಂತೆ. ಹಸಿದವರ ಸಂಖ್ಯೆ ತಿಳಿಯಲು ಹೋಟೆಲಿನಿಂದ ಕೈತೊಳೆದು ಹೊರಬಂದವರನ್ನು ಎಣಿಸುವ ಈ ವಿಧಾನವನ್ನು ಕಂಡುಹಿಡಿದ ಮಹನೀಯರು ಯಾರೋ, ಅವರ ಅಂಗಿಯನ್ನು ಜೀವನಪೂರ್ತಿ ಪುಕ್ಕಟೆ ಇಸ್ತ್ರಿ ಮಾಡಿಕೊಡಲು ನಾನು ಸಿದ್ಧ, ಅವರು ಅದನ್ನು ತೆಗೆದುಕೊಳ್ಳಲು ನಡೆದು ಬರುವುದಾದರೆ.

ವರದಿಯ ಎರಡನೇ ಪುಟ ಮೊದಲನೆಯದನ್ನು ಮೀರಿಸಿತ್ತು. ತಾವು ವೇಗವನ್ನು ನೋಡಿ ಯಾರು ಏನೆಂದು ತೀರ್ಮಾನಿಸುವವರಾದ್ದರಿಂದ, ಜೀವ ಕೈಯಲ್ಲಿ ಹಿಡಿದು ಓಡಿ ದಾಟಿದವರೆಲ್ಲ ತಮ್ಮ ದೃಷ್ಟಿಯಲ್ಲಿ ಸೈಕಲ್ಲುಗಳು. ನಮ್ಮ ಬೀದಿಯ ದಂತವೈದ್ಯರು, ಮಾತನ್ನು ಕೂಡ ಅಳೆದು ಆಡುವ ಗಂಭೀರ ಮನುಷ್ಯರು, ಪ್ಯಾಂಟು ಎತ್ತಿ ಹಿಡಿದು ಬ್ಯಾಗು ಎದೆಗವಚಿ ದಿನಕ್ಕೆ ಎರಡು ಸಲ ಓಡುತ್ತಾರೆ, ಆದ್ದರಿಂದ ಅವರೊಬ್ಬರೇ ಎರಡು ಸೈಕಲ್ಲು. ಸೈಕಲ್ ಸಂಚಾರದ ಈ ಉತ್ಸಾಹಕ್ಕೆ ಮನಸೋತ ಸಮಿತಿ, ಹಳೆಯ ಪಟ್ಟೆ ಮುಗಿಯುತ್ತಿದ್ದ ಅಂಚಿಗೇ ಒಂದು ಸೈಕಲ್ ಸ್ಟ್ಯಾಂಡನ್ನು ಕರುಣಿಸಿತು. ಅದರಲ್ಲಿ ಇಂದಿನವರೆಗೆ ಒಂದು ಸೈಕಲ್ಲೂ ನಿಂತಿಲ್ಲ. ಒಂದು ದಿನ ಏದುಸಿರು ಬಿಡುತ್ತಾ ಅದರ ಕಂಬಿ ಹಿಡಿದು ನಿಂತಿದ್ದ ದಂತವೈದ್ಯರನ್ನು ಬಿಟ್ಟರೆ.

ಕೊನೆಗೆ ದಾರಿ ತೋರಿಸಿದ್ದು ನನ್ನ ತಳ್ಳುಗಾಡಿ. ದೊಡ್ಡ ಗಂಟುಗಳನ್ನು ಸಾಗಿಸುವ ಕಬ್ಬಿಣದ ಗಾಡಿ ಅದು, ಮೂಲೆಗಳು ಚೂಪು. ಅದನ್ನು ರಸ್ತೆಗೆ ಇಳಿಸಿದರೆ ಎಂಥ ವೇಗದ ಕಾರೂ ಮೈ ಗೀರಿಸಿಕೊಳ್ಳುವ ಭಯಕ್ಕೆ ತಟ್ಟನೆ ನಿಲ್ಲುತ್ತದೆ ಎಂಬುದನ್ನು ನನ್ನ ಹೆಂಡತಿ ಗಮನಿಸಿದಳು. ಮರುದಿನ ಸಂಜೆ ಬಟ್ಟೆಯ ಮೂಟೆಗಳ ನಡುವೆ ದಿಂಬು ಹಾಕಿ ಅಕ್ಕನನ್ನು ಕೂರಿಸಿ ತಳ್ಳಿಕೊಂಡು ಬಂದೆ. ಎರಡೂ ಕಡೆಯ ಗಾಡಿಗಳು ನಿಂತವು. ಅಕ್ಕ ಆ ದಿನ ನಕ್ಕದ್ದೇ ನಕ್ಕದ್ದು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳುವುದನ್ನೂ ಮರೆಯಲಿಲ್ಲ. ಹೀಗೆ ನಾಲ್ಕೈದು ಸಂಜೆ ನಡೆಯಿತು. ಆಮೇಲೆ ಒಂದು ದಿನ, ನಿಂತ ಕಾರಿನಿಂದ ಒಬ್ಬ ಮಹಾಶಯರು ಗಾಜು ಇಳಿಸಿ, "ಏನ್ ಸಾರ್, ಅಜ್ಜೀನೂ ಒಗೆಯೋಕೆ ಹಾಕ್ತೀರಾ?" ಎಂದರು. ಹಿಂದಿನ ಕಾರಿನವರೂ ನಕ್ಕರು. ಆ ರಾತ್ರಿ ಅಕ್ಕ ಅಡುಗೆಯಲ್ಲಿ ಯಾವ ಕೊರತೆಯನ್ನೂ ಹುಡುಕಲಿಲ್ಲ. ತಟ್ಟೆಯನ್ನು ಅರ್ಧಕ್ಕೇ ಸರಿಸಿ, "ನಾಳೆಯಿಂದ ಬೇಡ ಕಣೋ. ಈ ರಸ್ತೇನ ನಡ್ಕೊಂಡು ದಾಟಿದವಳು ನಾನು. ಮೂಟೆ ಹಾಗೆ ಬಂದು ಉಂಡರೆ ಗಂಟಲಲ್ಲಿ ಇಳಿಯಲ್ಲ" ಎಂದಳು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು.

ಈಗ ರಾತ್ರಿ ಊಟದ ಡಬ್ಬಿಯನ್ನು ನಾನೇ ಆಚೆ ಓಡಿಸಿಕೊಂಡು ಹೋಗುತ್ತೇನೆ, ಅಂದರೆ ತಮ್ಮ ಲೆಕ್ಕದಲ್ಲಿ ನಾನೂ ಒಂದು ಸೈಕಲ್ಲು. ಅಕ್ಕ ಒಬ್ಬಳೇ ಗೋಡೆ ನೋಡಿಕೊಂಡು ಊಟ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಅವಳ ತಟ್ಟೆ ತೊಳೆದು ಬೋರಲು ಹಾಕಿದ್ದು ಹಾಗೆಯೇ ಇದೆ. ಹದಿನೈದು ಮಾರು ಅಗಲದ ಡಾಂಬರಿನ ಆಚೆ ಇರುವ ಒಡಹುಟ್ಟಿದವಳನ್ನು ಪರದೇಶದಲ್ಲಿ ಇಟ್ಟಂತೆ ಮಾಡಿದ ನಿಮ್ಮ ಸಮಿತಿಯ ಮೇಲೆ ನನಗೆ ಹೇಳತೀರದ ಸಿಟ್ಟಿದೆ. ಮೇಲಿನ ವಾಕ್ಯದಲ್ಲಿ ತಮ್ಮ ಎನ್ನುವ ಬದಲು ನಿಮ್ಮ ಎಂದು ಬಂದಿದೆ, ಮನ್ನಿಸಬೇಕು, ತಿದ್ದುವ ಮನಸ್ಸಿಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ. ದಯವಿಟ್ಟು ದಾಟದವರನ್ನೂ ಎಣಿಸಿ. ಅದು ತಮ್ಮ ಘನತೆಗೆ ಒಗ್ಗದಿದ್ದರೆ ನನ್ನ ಅಕ್ಕನನ್ನು ಒಂದು ವಾಹನವೆಂದು ಪರಿಗಣಿಸಿ ಹಳದಿ ಚೀಟಿಯನ್ನಾದರೂ ದಯಪಾಲಿಸಲು ಶಿಫಾರಸು ಮಾಡಿ. ವಾಹನದ ಬಣ್ಣ ಎಣ್ಣೆಗೆಂಪು, ಮುಂಭಾಗದಲ್ಲಿ ಕನ್ನಡಕ, ಬಲಗಡೆಯ ಮಂಡಿ ಹೊಸದು, ಹೊಗೆ ಉಗುಳುವುದಿಲ್ಲ, ಬೈಗುಳ ಸ್ವಲ್ಪ ಉಂಟು. ಗಾಡಿಗಳಿಗೆ ಈ ರಸ್ತೆಯಲ್ಲಿ ವರ್ಷಗಟ್ಟಲೆ ನಿಲ್ಲುವ ಹಕ್ಕಿದೆ, ಅವಳು ಕೇಳುತ್ತಿರುವುದು ನಿಧಾನಕ್ಕೆ ಒಮ್ಮೆ ಹಾದುಹೋಗುವುದನ್ನು ಮಾತ್ರ. ಇದೂ ಆಗದಿದ್ದರೆ ಸಮಿತಿಯ ಸದಸ್ಯರೆಲ್ಲರ ಊಟದ ತಟ್ಟೆಯನ್ನು ಒಂದೇ ಒಂದು ವಾರ ರಸ್ತೆಯ ಆಚೆ ಬದಿಗೆ ಇಡಿಸಿ, ಎಷ್ಟು ಸೈಕಲ್ಲುಗಳು ಹೋದವೆಂದು ತಾವೇ ಎಣಿಸಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ತಮ್ಮ ತಗಡು ಸದಾ ನೆಟ್ಟಗಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಕಂಬದ ಕೆಳಗಿನ ಲಾಂಡ್ರಿಯವನು

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ನಗರಸಭೆಯ ಆದೇಶ ಕೈಸೇರಿತು. "ಸದರಿ ಸ್ಥಳದಲ್ಲಿ ಸಂಜೆ ವೇಳೆ ಸರಕು ಸಾಗಣೆ ನಡೆಯುತ್ತಿರುವುದು ಎಣಿಕೆಯಿಂದ ದೃಢಪಟ್ಟಿರುವುದರಿಂದ, ಎರಡೂ ಬದಿಯಲ್ಲಿ ವಾಹನ ನಿಲುಗಡೆಯನ್ನು ರದ್ದುಪಡಿಸಿ, ಸರಕು ಏರಿಸಿ ಇಳಿಸಲು ಜಾಗವನ್ನು ಮಂಜೂರು ಮಾಡಲಾಗಿದೆ." ವರದಿ ಕೊಟ್ಟ ಮೇಲೂ ಕಂಬ ಬಿಟ್ಟಿಳಿಯದ ತಾವು ಅಂತೂ ನನ್ನ ಅಕ್ಕನನ್ನು ಎಣಿಸಿದ್ದಿರಿ. ಡಬ್ಬಿಯ ಜೊತೆ ಆದೇಶವನ್ನೂ ಕೊಟ್ಟೆ, ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಹಾಗಾದ್ರೆ ಆ ಜಾಗ ನಂದೇ ಅಂತಾಯ್ತು. ಕುರ್ಚಿ ಹಾಕಿಸು, ಕೂತ್ಕೋತೀನಿ" ಎಂದಳು. ಉದ್ಘಾಟನೆಗೆ ಅಧ್ಯಕ್ಷರೇ ಬರುತ್ತಾರಂತೆ. ಅಲ್ಲಿ ಕೂತಿರುವ ಸರಕನ್ನು ಅವರೇ ಕೈಹಿಡಿದು ಎಬ್ಬಿಸಿ ಆಚೆ ಬದಿಗೆ ದಾಟಿಸಬೇಕಾಗುತ್ತದೆ ಎಂದು ದಯವಿಟ್ಟು ಮೊದಲೇ ತಿಳಿಸಿಡಿ. ಅವಳ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ನಿಧಾನವಾಗಿ ನಡೆಯಲಿ. ಹೆದರಿ ಓಡಿದರೆ ಅವರನ್ನೂ ತಾವು ಸೈಕಲ್ಲೆಂದು ಬರೆದುಕೊಳ್ಳುತ್ತೀರಿ.